ಬಣ್ಣ ಹೋದ ಮೂರು ನಿಮಿಷ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಪರದೆಯ ಮೇಲಿನ ಬಣ್ಣ ಹೋಯಿತು. ಅದರ ಹಿಂದೆಯೇ ದನಿಯೂ ಹೋಯಿತು. ನಾನು ಕಾಫಿ ಲೋಟ ಕೆಳಗಿಟ್ಟು, ಪಕ್ಕದಲ್ಲಿ ಗಾಬರಿಯಾಗಿದ್ದ ಆಪರೇಟರ್‌ಗೆ, ಕೈ ಹಾಕಬೇಡಿ, ಸುಮ್ಮನೆ ನೋಡುತ್ತಿರಿ, ತಾನಾಗಿಯೇ ಸರಿಹೋಗುತ್ತದೆ ಎಂದೆ. ಹೇಳುವಾಗ ನಗುತ್ತಿದ್ದೆ. ಆಮೇಲೆ ನಡೆದದ್ದನ್ನೆಲ್ಲ ಹೇಗೋ ನುಂಗಿಕೊಂಡಿದ್ದೇನೆ. ಆ ನಗುವನ್ನು ಮಾತ್ರ ಇವತ್ತಿಗೂ ನುಂಗಲು ಆಗಿಲ್ಲ.

ನಾನು ಕೆಲಸ ಮಾಡುವುದು ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ, ಕಿಟಕಿಯೇ ಇಲ್ಲದ ಒಂದು ಕಟ್ಟಡದಲ್ಲಿ. ಎಡಕ್ಕೆ ಟೈಲ್ಸ್ ಗೋಡೌನು, ಬಲಕ್ಕೆ ಕರಿಬೇವು, ನುಗ್ಗೆಕಾಯಿ ಸಿಗುವ ದಿನಸಿ ಅಂಗಡಿ. ಈ ಕಟ್ಟಡದಿಂದ ಏಷ್ಯಾದ ಒಂದು ಮ್ಯಾಂಡರಿನ್ ಮನರಂಜನಾ ವಾಹಿನಿ ಹೊರಡುತ್ತದೆ ಎಂದರೆ ನಮ್ಮ ಮನೆಯಿರುವ ಪ್ರಾಸ್ಪರ್ ಊರಿನ ಅಕ್ಕಪಕ್ಕದವರು ನಂಬುವುದಿಲ್ಲ. ಹಾಡುವವರು ಅಲ್ಲಿ, ನೋಡುವವರು ಅಲ್ಲಿ, ನಡುವೆ ಗುಂಡಿ ಒತ್ತುವವರು ಇಲ್ಲಿ. ಅಲ್ಲಿನ ಸ್ಟುಡಿಯೋದಿಂದ ಚಿತ್ರ ಸಮುದ್ರದಡಿಯ ಕೇಬಲ್‌ನಲ್ಲಿ ನಮ್ಮಲ್ಲಿಗೆ ಬರುತ್ತದೆ. ನಾವು ಅದಕ್ಕೆ ಮೂಲೆಯ ಲೋಗೋ, ಕೆಳಗಿನ ಅಕ್ಷರ, ನಡುವಿನ ಜಾಹೀರಾತು ಎಲ್ಲ ಸೇರಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತೇವೆ. ಅಲ್ಲಿಂದ ಅದು ಉಪಗ್ರಹಕ್ಕೆ ಏರಿ ಹಲವು ದೇಶಗಳ ಮನೆಗಳಿಗೆ ಇಳಿಯುತ್ತದೆ. ಅಲ್ಲಿನ ರಾತ್ರಿ ಎಂಟು ಗಂಟೆ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಏಳು. ಅವರು ಊಟ ಮುಗಿಸಿ ಟೀವಿ ಮುಂದೆ ಕೂತಾಗ ನಾವು ತಿಂಡಿ ಡಬ್ಬಿ ತೆರೆದಿರುತ್ತೇವೆ.

ನನಗೆ ಚೀನೀಯರ ಆ ಮ್ಯಾಂಡರಿನ್ ಭಾಷೆಯ ಒಂದು ಅಕ್ಷರವೂ ಬರುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅದಕ್ಕಾಗಿಯೇ ಹ್ಯೂಸ್ಟನ್‌ನಲ್ಲಿ ನಮ್ಮ ಕಂಪನಿಯ ಭಾಷಾ ಡೆಸ್ಕ್ ಇತ್ತು. ಡೆಸ್ಕ್ ಎಂಬ ಹೆಸರು ದೊಡ್ಡದು, ಇದ್ದವರು ಒಬ್ಬರೇ, ಅದರ ಖರ್ಚು ಕೊಡುತ್ತಿದ್ದದ್ದು ವಾಹಿನಿಯವರು. ಅರವತ್ತರ ಹತ್ತಿರದ ಚೀನೀ ಹೆಂಗಸು. ನಮ್ಮವರೆಲ್ಲ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದರು. ಅವರಿಗೂ ಅದು ಒಗ್ಗಿಹೋಗಿತ್ತು. ಗಿರಾಕಿ ವಾಹಿನಿಯವರು ಮ್ಯಾಂಡರಿನ್‌ನಲ್ಲಿ ಕಳಿಸಿದ ಸೂಚನೆಗಳನ್ನು ಇಂಗ್ಲಿಷಿಗೆ ಮಾಡಿ ನಮಗೆ ಕಳಿಸುವುದು, ಕಾರ್ಯಕ್ರಮ ಹೋಗುತ್ತಿರುವಾಗ ನೋಡುತ್ತ ಕೂತು ಎಡವಟ್ಟಾದರೆ ಹಾಟ್‌ಲೈನ್‌ನಲ್ಲಿ ಕೂಗುವುದು ಅವರ ಕೆಲಸ. ಮನೆ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನಲ್ಲಿ. ಅವರ ಯಜಮಾನರಿಗೆ ರಕ್ತದ ಕ್ಯಾನ್ಸರ್, ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ. ಆ ಚಿಕಿತ್ಸೆಯ ವಿಮೆ ಆಂಟಿಯ ಈ ನೌಕರಿಗೆ ಅಂಟಿಕೊಂಡು ಬಂದದ್ದು. ನೌಕರಿ ಹೋದರೆ ವಿಮೆಯೂ ಹೋಗುತ್ತದೆ. ಇದು ನಮಗೆಲ್ಲ ಗೊತ್ತಿತ್ತು.

ಈಗ ಆ ಬೆಳಗಿಗೆ ಮುಂಚಿನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ನಕ್ಕೆ ಎಂಬುದು ಗೊತ್ತಾಗುವುದಿಲ್ಲ.

ವಾಹಿನಿ ಶುರುವಾದ ಎರಡನೆಯ ತಿಂಗಳಲ್ಲಿ, ಹಾಡಿನ ಸ್ಪರ್ಧೆಯ ಫೈನಲ್ ದಿನ, ಬಂದ ಚಿತ್ರವನ್ನು ಬಿಡಿಸುವ ನಮ್ಮ ಒಂದು ಡಿಕೋಡರ್ ಯಂತ್ರ ಕೆಟ್ಟು ಚಿತ್ರದ ಬಣ್ಣವೆಲ್ಲ ಸೋರಿಹೋಯಿತು. ಆಪರೇಟರ್ ಅದನ್ನು ಹಳೇ ಸಿನಿಮಾದ ಶೈಲಿ ಅಂದುಕೊಂಡು ಸುಮ್ಮನಿದ್ದುಬಿಟ್ಟ. ಗೆದ್ದವಳ ಕೆಂಪು ಗೌನು ಹನ್ನೊಂದು ನಿಮಿಷ ಬೂದಿ ಬಣ್ಣದಲ್ಲಿ ಹೋಯಿತು. ಗಿರಾಕಿಗಳು ಉಗಿದರು. ಉಗಿಸಿಕೊಂಡವಳು ನಾನು, ಯಾಕೆಂದರೆ ಕಂಟ್ರೋಲ್ ರೂಮಿನ ಮುಖ್ಯಸ್ಥೆ ನಾನೇ. ನನಗೆ ಸಿಟ್ಟು ಬಂದರೆ ಅತ್ತು ಕೂರುವ ಜಾಯಮಾನವಲ್ಲ, ನಿಯಮ ಮಾಡುವ ಜಾಯಮಾನ. ಇನ್ನು ಮೇಲೆ ಇದನ್ನು ಮನುಷ್ಯರ ಕಣ್ಣಿಗೆ ಬಿಡುವುದೇ ಬೇಡ ಎಂದು ಹಟ ಹಿಡಿದೆ. ಆಸ್ಟಿನ್‌ನಲ್ಲಿ ಕೂತು ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಸಹೋದ್ಯೋಗಿ ಒಬ್ಬರಿದ್ದಾರೆ, ನಮ್ಮ ಮೈಸೂರಿನವರೇ. ಅವರ ತಲೆ ತಿಂದು ಒಂದು ನಿಯಮ ಬರೆಸಿದೆ. ಬಣ್ಣ ಎಂಟು ಸೆಕೆಂಡು, ದನಿ ಹತ್ತು ಸೆಕೆಂಡು ಕಾಣೆಯಾದರೆ ಯಂತ್ರ ಯಾರನ್ನೂ ಕೇಳದೆ ಆಪತ್ಕಾಲದ ಕಾರ್ಯಕ್ರಮಕ್ಕೆ ಹೊರಳಬೇಕು. ಆಪತ್ಕಾಲಕ್ಕೆ ಇಟ್ಟದ್ದು ಆ ವಾಹಿನಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಜನ ನೋಡುವ ಆಟದ ಕಾರ್ಯಕ್ರಮ: ದೊಡ್ಡವರೆಲ್ಲ ಓಡಿಬಂದು ನೊರೆಯ ಹೊಂಡಕ್ಕೆ ಬೀಳುವುದು, ಬಿದ್ದವರನ್ನು ನೋಡಿ ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುವುದು.

ಮೊದಲ ಪರೀಕ್ಷೆಯಲ್ಲಿ ಯಂತ್ರ ಅತ್ತ ಹೋಗುವುದು, ಇತ್ತ ಬರುವುದು, ಮತ್ತೆ ಅತ್ತ ಹೋಗುವುದು ಮಾಡಿತು. ಅದಕ್ಕೊಂದು ಬೀಗ ಹಾಕಿಸಿದೆ. ಒಮ್ಮೆ ಆಪತ್ಕಾಲಕ್ಕೆ ಹೋದರೆ, ಮೂಲ ಚಿತ್ರದಲ್ಲಿ ಬಣ್ಣ ಮತ್ತು ದನಿ ಮೂವತ್ತು ಸೆಕೆಂಡು ನಿರಂತರ ಕಾಣುವವರೆಗೆ ಯಂತ್ರ ವಾಪಸ್ ಬರಕೂಡದು. ಆಪರೇಟರ್‌ಗಳು ಗಾಬರಿಯಲ್ಲಿ ಗುಂಡಿ ಒತ್ತಿದರೂ ಬರಕೂಡದು. ಬೀಗ ತೆಗೆಯುವ ಪಾಸ್‌ವರ್ಡ್ ಆಸ್ಟಿನ್‌ನವರ ಹತ್ತಿರ ಮಾತ್ರ. ಅವರು ಅವತ್ತೇ ಒಂದು ಮಾತು ಕೇಳಿದ್ದರು: ಮೇಡಂ, ಬಣ್ಣ ಇಲ್ಲದೇ ಇರೋದು ಬೇಕಂತಲೇ ಮಾಡಿದ್ದಾದ್ರೆ? ಇದು ಮನರಂಜನೆಯ ವಾಹಿನಿ, ಇಲ್ಲಿ ಬಣ್ಣ ಬೇಡ ಅನ್ನುವವರು ಯಾರಿದ್ದಾರೆ ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ.

ಇನ್ನೊಂದು ನಿಯಮವೂ ನನ್ನದೇ. ಆಂಟಿ ಪ್ರತಿ ಸಣ್ಣ ವಿಷಯಕ್ಕೂ ಹಾಟ್‌ಲೈನ್ ಮಾಡುತ್ತಿದ್ದರು. ಈ ನಟಿಯ ಹೆಸರು ತಪ್ಪಾಗಿ ಬಂತು, ಆ ಹಾಡಿನ ಸಾಲು ಒಂದು ಸೆಕೆಂಡು ತಡವಾಯಿತು. ಒಂದು ದಿನ ಎರಡು ಅಲಾರಂ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದಾಗ ಅವರ ಫೋನೂ ಬಂದು, ನಾನು ರೇಗಿಬಿಟ್ಟೆ. ಇನ್ನು ಮೇಲೆ ಮುಂಚಿತವಾಗಿ ಹೇಳುವಂಥದ್ದೆಲ್ಲ ಟಿಕೆಟ್ ಮೂಲಕವೇ ಬರಲಿ, ಫೋನು ನಿಜವಾದ ಅವಘಡಕ್ಕೆ ಮಾತ್ರ ಎಂದೆ. ಅವರು ಸರಿ ಎಂದರು. ಅಂದಿನಿಂದ ಒಮ್ಮೆಯೂ ಆ ಮಾತು ಮೀರಲಿಲ್ಲ.

ಟಿಕೆಟ್ ಎಂದರೆ ಕಂಪ್ಯೂಟರಿನಲ್ಲಿ ಬರುವ ಚೀಟಿ. ಓದಿ, ಕೆಲಸ ಮುಗಿಸಿ, ಮುಚ್ಚಬೇಕು. ನಮ್ಮಲ್ಲಿ ಬೆಳಿಗ್ಗೆ ಆರರ ಮೀಟಿಂಗ್ ಹೊತ್ತಿಗೆ ಒಂದೂ ಟಿಕೆಟ್ ತೆರೆದಿರಬಾರದು ಎಂಬ ಪದ್ಧತಿ ಬೆಳೆದಿತ್ತು. ತೆರೆದಿದ್ದರೆ ಹೆಸರು ಕೆಂಪಗೆ ಬರುತ್ತದೆ. ನನ್ನ ಹೆಸರು ಎಂದೂ ಕೆಂಪಗೆ ಬಂದಿರಲಿಲ್ಲ, ಅದೊಂದು ಹೆಮ್ಮೆ ಬೇರೆ.

ಆ ವಾರ ಅಲ್ಲಿನ ಒಂದು ಪ್ರಾಂತ್ಯದಲ್ಲಿ ಗುಡ್ಡ ಕುಸಿದು ಒಂದಿಡೀ ಊರು ಮಣ್ಣಿನಡಿ ಹೋಗಿತ್ತು. ಸುದ್ದಿಯನ್ನು ನಾನೂ ಫೋನಿನಲ್ಲಿ ನೋಡಿದ್ದೆ, ಅಯ್ಯೋ ಪಾಪ ಎಂದುಕೊಂಡು ಬೆರಳಿನಿಂದ ಮೇಲಕ್ಕೆ ಸರಿಸಿದ್ದೆ. ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ. ನಮ್ಮದು ಮನರಂಜನೆ, ಸುದ್ದಿ ಅಲ್ಲವಲ್ಲ.

ಏಳು ಗಂಟೆಗೆ ಶುರುವಾಗಬೇಕಿದ್ದದ್ದು ಸ್ಟುಡಿಯೋದಿಂದ ನೇರ ಪ್ರಸಾರವಾಗುವ ಹಾಡಿನ ಕಾರ್ಯಕ್ರಮ. ಬಂದದ್ದು ಬೂದು ಚಿತ್ರ. ನಿರೂಪಕ ತಲೆ ಬಗ್ಗಿಸಿ ನಿಂತಿದ್ದ, ಹಿಂದೆ ಸಾಲಾಗಿ ಜನ. ಯಂತ್ರ ಎಣಿಸಿತು, ಹೊರಳಿತು. ಪರದೆಯ ತುಂಬ ಬಣ್ಣ, ಕೇಕೆ, ನೊರೆ. ಒಬ್ಬ ದಪ್ಪನೆಯ ಮನುಷ್ಯ ಕೈಕಾಲು ಬಡಿಯುತ್ತ ಹೊಂಡಕ್ಕೆ ಬಿದ್ದ. ನೋಡಿದಿರಾ ಎಂದು ನಾನು ಆಪರೇಟರ್ ಕಡೆ ತಿರುಗಿದೆ. ಹಾಟ್‌ಲೈನ್ ಹೊಡೆದುಕೊಂಡಿತು.

ಆಂಟಿ ಒಂದೇ ಮಾತು ಹೇಳಿದರು, ಇಂಗ್ಲಿಷಿನಲ್ಲಿ: ತೆಗೆ ಅದನ್ನು. ನಾನು ಸಮಾಧಾನದ ದನಿಯಲ್ಲಿ, ಮೂಲ ಚಿತ್ರ ಕೆಟ್ಟಿದೆ, ನಾವು ಉಳಿಸಿಕೊಂಡೆವು, ಸ್ವಲ್ಪ ತಾಳಿ ಎಂದೆ. ಅವರು ಮತ್ತೆ ತೆಗೆ ಎಂದರು. ನಾನು ಮತ್ತೆ ವಿವರಿಸಲು ಹೊರಟೆ. ಆಗ ಅವರ ದನಿ ಒಡೆಯಿತು.

"ಅದು ಕೆಟ್ಟಿಲ್ಲ. ಸತ್ತವರಿಗಾಗಿ ನಿಂತಿದ್ದಾರೆ. ಮೂರು ನಿಮಿಷದ ಮೌನ. ಬಣ್ಣ ಅವರೇ ತೆಗೆದಿದ್ದಾರೆ."

ನಾನು ಪರದೆ ನೋಡಿದೆ. ಮೂಲೆಯಲ್ಲಿದ್ದ ಲೋಗೋ ಬೂದಿ ಬಣ್ಣದಲ್ಲಿತ್ತು. ಲೋಗೋ ಅಲ್ಲಿಂದ ಬರುವುದಲ್ಲ, ನಾವೇ ಅಂಟಿಸುವುದು. ಅದನ್ನು ಬೂದಿ ಮಾಡಿದವರು ಯಾರು? ಬೆಳಿಗ್ಗೆ ಬಂದ ಟಿಕೆಟ್ ನೆನಪಾಯಿತು: ಇಂದು ಏಳರಿಂದ ಲೋಗೋ ಬೂದು ಬಣ್ಣದಲ್ಲಿರಲಿ. ಅದನ್ನು ಗ್ರಾಫಿಕ್ಸ್‌ನವರಿಗೆ ದಾಟಿಸಿದವಳು ನಾನೇ. ಅವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ಸೂತಕದ ಲೋಗೋ ಮೂಲೆಯಲ್ಲಿ ಕೂತಿತ್ತು, ಅದರ ಪಕ್ಕದಲ್ಲಿ ಆ ಮನುಷ್ಯ ನೊರೆ ಉಗುಳುತ್ತ ನಗುತ್ತಿದ್ದ.

ವಾಪಸ್ ಬರುವ ಗುಂಡಿ ಒತ್ತಿದೆ. ಯಂತ್ರ ಒಪ್ಪಲಿಲ್ಲ. ಮತ್ತೆ ಒತ್ತಿದೆ. ಮೂಲ ಚಿತ್ರದಲ್ಲಿ ಬಣ್ಣವಿಲ್ಲ, ದನಿಯಿಲ್ಲ, ಆದ್ದರಿಂದ ಬೀಗ ತೆಗೆಯಲಾಗದು ಎಂದಿತು. ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸುತ್ತಿತ್ತು. ಆಸ್ಟಿನ್‌ಗೆ ಫೋನ್ ಮಾಡಿದೆ. ಅವರು ಮಗಳನ್ನು ಸಮರ್ ಕ್ಯಾಂಪಿಗೆ ಬಿಡಲು ಡ್ರೈವ್ ಮಾಡುತ್ತಿದ್ದರು. ಕಾರಿನ ಸ್ಪೀಕರಿನಲ್ಲೇ ಮಾತು. ಬೀಗ ತೆಗೀರಿ ಎಂದೆ. ಲ್ಯಾಪ್‌ಟಾಪ್ ಡಿಕ್ಕಿಯಲ್ಲಿದೆ, ಪಕ್ಕಕ್ಕೆ ನಿಲ್ಲಿಸಬೇಕು, ಎರಡು ನಿಮಿಷ ಕೊಡಿ ಎಂದರು. ಹಿಂದಿನಿಂದ ಮಗು ಇಂಗ್ಲಿಷಿನಲ್ಲಿ ಏನಾಯಿತಪ್ಪ ಎಂದು ಕೇಳುತ್ತಿತ್ತು. ಎರಡು ನಿಮಿಷ ನನ್ನ ಹತ್ತಿರ ಇರಲಿಲ್ಲ.

ಫೋನು ಅಲ್ಲೇ ಬಿಸಾಕಿ ಯಂತ್ರಗಳ ಕೋಣೆಗೆ ಓಡಿದೆ. ಸ್ಟುಡಿಯೋದಿಂದ ಬರುವ ಕೇಬಲ್ ಅನ್ನು ನಮ್ಮ ಯಂತ್ರದಿಂದ ಕಿತ್ತು, ಹೊರಗೆ ಹೋಗುವ ಜಾಗಕ್ಕೆ ನೇರವಾಗಿ ಚುಚ್ಚಿದರೆ ಚಿತ್ರ ಹಾಗೇ ಹೋಗುತ್ತದೆ. ಲೋಗೋ ಇರುವುದಿಲ್ಲ, ಅಕ್ಷರ ಇರುವುದಿಲ್ಲ, ಆದರೆ ಚಿತ್ರ ಹೋಗುತ್ತದೆ. ಹಾಗೆ ಮಾಡಬಾರದು ಎಂದು ಗೋಡೆಗೆ ಬರೆದು ಅಂಟಿಸಿದವಳೂ ನಾನೇ. ಕೇಬಲ್‌ಗಳ ಕಾಡಿನಲ್ಲಿ ಸರಿಯಾದದ್ದನ್ನು ಹುಡುಕುವಾಗ ಒಮ್ಮೆ ತಪ್ಪು ಕೇಬಲ್ ಕಿತ್ತು ಪರದೆ ಪೂರ್ತಿ ಕಪ್ಪಾಯಿತು. ಎರಡನೆಯ ಸಲ ಸಿಕ್ಕಿತು. ಹೊರಗೆ ಬಂದು ನೋಡಿದರೆ ಬೂದು ಚಿತ್ರ, ಬಗ್ಗಿದ ತಲೆಗಳು. ಹತ್ತು ಸೆಕೆಂಡು ಹಾಗಿತ್ತು. ನಿರೂಪಕ ತಲೆ ಎತ್ತಿದ. ಮೌನ ಮುಗಿಯಿತು.

ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಮನೆಯಲ್ಲಿ ಸಾವಾದಾಗ ಅಮ್ಮ ಹನ್ನೊಂದು ದಿನ ಟೀವಿಗೆ ಬಟ್ಟೆ ಹೊದಿಸುತ್ತಿದ್ದಳು. ಪಕ್ಕದ ಮನೆಯಲ್ಲಿ ಸಾವಾದರೂ ನಮ್ಮ ರೇಡಿಯೋ ಬಾಯಿ ಮುಚ್ಚುತ್ತಿತ್ತು. ಇದೆಲ್ಲ ಗೊತ್ತಿದ್ದೂ, ಬೇರೆಯವರ ಸಾವಿನ ಮನೆಯೊಳಗೆ ನಾನು ಕೇಕೆ ಹಾಕಿಸಿದ್ದೆ.

ಹತ್ತು ನಿಮಿಷದಲ್ಲಿ ಏಷ್ಯಾದಿಂದ ವಾಹಿನಿಯ ಮುಖ್ಯಸ್ಥರ ಫೋನು ಬಂತು. ಕೂಗಾಡುತ್ತಾರೆ ಎಂದು ಗಟ್ಟಿಯಾಗಿ ಕೂತಿದ್ದೆ. ಅವರು ಕೂಗಲಿಲ್ಲ. ಸ್ಟುಡಿಯೋದಲ್ಲಿ ಸತ್ತವರ ಮನೆಯವರು ಕೂತಿದ್ದರು ಎಂದರು. ಎದುರಿಗಿದ್ದ ಟೀವಿಯಲ್ಲಿ ಪ್ರಸಾರವಾಗುತ್ತಿದ್ದದ್ದೇ ಕಾಣುತ್ತಿತ್ತು, ಅವರು ತಲೆ ಬಗ್ಗಿಸಿರಬೇಕಾದ ಹೊತ್ತಿನಲ್ಲಿ ಕೇಕೆ ಕೇಳಿ ತಲೆ ಎತ್ತಿ ಅದನ್ನೇ ನೋಡಿದರು ಎಂದರು. ನಿಮ್ಮ ನಾಳೆ ಸಂಜೆಯೊಳಗೆ ಲಿಖಿತ ವರದಿ ಬೇಕು ಎಂದು ಇಟ್ಟುಬಿಟ್ಟರು.

ಆಮೇಲೆ ಟಿಕೆಟ್ ತೆರೆದೆ. ಐದೂ ಇಪ್ಪತ್ತಕ್ಕೆ ಆಂಟಿ ಬರೆದದ್ದು. ಐದು ಸಾಲುಗಳಿದ್ದವು. ಮೊದಲ ಸಾಲು ಲೋಗೋ ಬಗ್ಗೆ. ಎರಡನೆಯದು, ಇಂದು ಮನರಂಜನೆ ಇಲ್ಲ. ಮೂರನೆಯದು, ಏಳು ಗಂಟೆಗೆ ಮೂರು ನಿಮಿಷ ಬಣ್ಣವಿಲ್ಲದ, ದನಿಯಿಲ್ಲದ ಚಿತ್ರ. ನಾಲ್ಕನೆಯದು, ಇದು ದೋಷವಲ್ಲ. ಐದನೆಯದು, ದಯವಿಟ್ಟು ಓದಿದ್ದೇವೆಂದು ಖಚಿತಪಡಿಸಿ. ಕೆಳಗೆ ನನ್ನ ಹೆಸರು, ಐದೂ ಐವತ್ತೆರಡು, "ಗಮನಿಸಲಾಗಿದೆ", ಮುಚ್ಚಲಾಗಿದೆ. ಒಂದು ಸಾಲು ಓದಿದ್ದೆ. ಆರರ ಮೀಟಿಂಗಿಗೆ ಎಂಟು ನಿಮಿಷ ಇತ್ತು. ಗಮನಿಸಲಾಗಿದೆ ಎಂದು ನೋಡಿ ಆಂಟಿ ನಿಶ್ಚಿಂತೆಯಾಗಿದ್ದರು. ಫೋನ್ ಮಾಡಬೇಡಿ ಎಂದವಳೂ ನಾನೇ ಅಲ್ಲವೇ.

ನಮ್ಮ ಮ್ಯಾನೇಜರ್ ಹುಬ್ಬಳ್ಳಿಯವರು. ಮೂವತ್ತು ವರ್ಷ ಟೆಕ್ಸಸ್‌ನಲ್ಲಿದ್ದರೂ ಮಾತು ಅಲ್ಲಿಯದೇ. ಟಿಕೆಟ್ ಅನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ವರದಿಯನ್ನು ಅವರೇ ಬರೆದರು. ಭಾಷಾ ಡೆಸ್ಕ್ ಸೂಚನೆಯ ಮುಖ್ಯ ಅಂಶವನ್ನು ಮೊದಲ ಸಾಲಿನಲ್ಲಿ ತಿಳಿಸಲಿಲ್ಲ, ಖಚಿತಪಡಿಸಲು ಕೇಳಿಯೂ ಫೋನಿನಲ್ಲಿ ಪರಿಶೀಲಿಸಲಿಲ್ಲ ಎಂದು ಅದರಲ್ಲಿತ್ತು. ಸುಳ್ಳಿನ ಒಂದು ಪದವೂ ಇರಲಿಲ್ಲ, ಆದರೂ ಇಡೀ ವರದಿ ಸುಳ್ಳಾಗಿತ್ತು. ಸರ್, ಟಿಕೆಟ್ ಮುಚ್ಚಿದವಳು ನಾನು ಎಂದೆ.

"ಗೊತ್ತೈತ್ರಿ. ನಿಮ್ಮ ಹೆಸರ ಬಂತಂದ್ರ ಗುತ್ತಿಗಿನss ಹೋಗ್ತದ, ನಲವತ್ತ ಮಂದಿ ಮನಿಗೆ ಹೋಗ್ತಾರ. ಡೆಸ್ಕಿನ ಹೆಸರ ಬಂದ್ರ ಡೆಸ್ಕ್ ಒಂದs ಹೋಗ್ತದ. ನೀವs ವಿಚಾರ ಮಾಡ್ರಿ."

ನಾನು ವಿಚಾರ ಮಾಡಿದೆ. ಮಾಡಿ, ಸರಿ ಸರ್ ಎಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹಾಗೇ ಎಂದೆ. ವರದಿಗೆ ಡೆಸ್ಕಿನ ಸಹಿ ಬೇಕಿತ್ತು. ಫೋನಿನಲ್ಲಿ ಕೇಳಿದರೆ ಚೆನ್ನಾಗಿರುವುದಿಲ್ಲ, ನೀವೇ ಹೋಗಿ ಬನ್ನಿ ಎಂದು ಮ್ಯಾನೇಜರ್ ನನ್ನನ್ನು ಮರುದಿನ ಬೆಳಿಗ್ಗೆ ಹ್ಯೂಸ್ಟನ್‌ಗೆ ಕಳಿಸಿದರು.

ನಾಲ್ಕು ಗಂಟೆಯ ಡ್ರೈವ್. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ಲಿಸಿ ಕಾಫಿ ಕೊಂಡು, ಕುಡಿಯಲಾಗದೆ ಅಲ್ಲೇ ಚೆಲ್ಲಿದೆ. ಆಂಟಿಯನ್ನು ನಾನು ಅಲ್ಲಿಯವರೆಗೆ ಎದುರಿಗೆ ಕಂಡದ್ದು ಎರಡೇ ಸಲ. ಹ್ಯೂಸ್ಟನ್‌ನ ಒಂದು ಕಚೇರಿ ಕಟ್ಟಡದ ಮೂರನೆಯ ಮಹಡಿ, ಒಂದು ಕೋಣೆ, ಎರಡು ಪರದೆ, ಒಂದು ನಿಘಂಟು. ಮೇಜಿನ ಮೇಲೆ ಯಜಮಾನರ ಆಸ್ಪತ್ರೆಯ ತಾರೀಖುಗಳನ್ನು ಬರೆದ ಚೀಟಿ ಅಂಟಿಸಿದ್ದರು. ನನ್ನನ್ನು ಕೂರಿಸಿ, ಬಿಸಿನೀರು ಕೊಟ್ಟರು. ನಾನು ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟೆ. ಕಾಗದವನ್ನು ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಒಂದೊಂದು ಸಾಲಿನ ಕೆಳಗೆ ಪೆನ್ಸಿಲ್ ಎಳೆಯುತ್ತ, ಒಂದು ಪುಟಕ್ಕೆ ಹತ್ತು ನಿಮಿಷ. ಆಮೇಲೆ ಪೆನ್ನು ತೆಗೆದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಏನನ್ನೋ ಸೇರಿಸಿದರು. ನನ್ನ ಹೆಸರು ಬರೆಯುತ್ತಿದ್ದಾರೆ ಎಂದುಕೊಂಡೆ. ಒಂದು ರೀತಿಯಲ್ಲಿ ಸಮಾಧಾನವೂ ಆಯಿತು. ಓದಿದರೆ ಬೇರೆಯೇ ಇತ್ತು. ಮೂಲ ಸೂಚನೆಯಲ್ಲಿ ಲೋಗೋದ ಸಾಲು ಮೊದಲಿತ್ತೆಂದು ತಾನೂ ಅದನ್ನೇ ಮೊದಲಿಟ್ಟೆ, ಮೌನದ ಸಾಲನ್ನು ಮೊದಲಿಡಬೇಕಿತ್ತು, ಅದು ತನ್ನ ತಪ್ಪು ಎಂದು ಬರೆದಿದ್ದರು. ಕೆಳಗೆ ಸಹಿ, ತಾರೀಖು.

ಆಂಟಿ, ಟಿಕೆಟ್ ಮುಚ್ಚಿದ್ದು ಯಾರೆಂದು ನಿಮಗೆ ಗೊತ್ತಲ್ಲ ಎಂದು ಕೇಳಿದೆ.

"ಗೊತ್ತು. ಹೆಸರು ಅದರಲ್ಲೇ ಇತ್ತು," ಎಂದರು. "ಇದು ನನ್ನ ಹೇಳಿಕೆ. ನನ್ನದನ್ನು ನಾನು ಬರೆದಿದ್ದೇನೆ. ನಿನ್ನದನ್ನು ನೀನು ಬರೆಯಬೇಕು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನಾನು ತಿರುಗಿ ಏನಾದರೂ ಹೇಳುತ್ತಿದ್ದೆ, ನನ್ನ ಬಾಯಿ ಅಂಥದ್ದು. ಕೆಳಗೆ ಬಂದು ಕಾರಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಹೊರಗೆ ಬಿಸಿಲು ಸುಡುತ್ತಿತ್ತು, ಎ.ಸಿ. ಹಾಕಿಯೂ ಬೆವರುತ್ತಿದ್ದೆ. ಮ್ಯಾನೇಜರ್ ಬರೆದದ್ದನ್ನು ಪೂರ್ತಿ ಅಳಿಸಿದೆ. ನಿಯಮ ನನ್ನದು, ಬೀಗ ನನ್ನದು, ಫೋನ್ ಬೇಡ ಎಂದದ್ದು ನಾನು ಎಂದು ಬರೆದೆ. ಆಂಟಿಯ ಮೇಲೆ ಒಂದು ಚುಕ್ಕೆಯೂ ಬೀಳಬಾರದೆಂದು ಒಂದು ವಾಕ್ಯವನ್ನು ಮೂರು ಸಲ ತಿದ್ದಿ ಬರೆದೆ: ಸೂಚನೆ ನನಗೆ ಸಮಯಕ್ಕೆ ಸರಿಯಾಗಿ, ಸ್ಪಷ್ಟವಾಗಿ ತಲುಪಿತ್ತು, ಭಾಷೆಯಿಂದ ಯಾವ ತೊಡಕೂ ಆಗಿರಲಿಲ್ಲ, ನಾನು ಪೂರ್ತಿ ಓದದೆ ಮುಚ್ಚಿದೆ. ಆಂಟಿಯ ಕೈಬರಹದ ಸಾಲನ್ನು ಸೇರಿಸಲಿಲ್ಲ. ವಾಹಿನಿಯ ಮುಖ್ಯಸ್ಥರಿಗೆ ನೇರವಾಗಿ ಕಳಿಸಿ, ಮ್ಯಾನೇಜರ್‌ಗೆ ಪ್ರತಿ ಹಾಕಿದೆ.

ಮ್ಯಾನೇಜರ್ ಫೋನು ಬಂದಾಗ ನಾನಿನ್ನೂ ಹ್ಯೂಸ್ಟನ್ ದಾಟಿರಲಿಲ್ಲ. ನಲವತ್ತು ಮಂದಿಯ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದು ಬೈದರು. ಬೈಯಲಿ ಎಂದು ಕೇಳಿಸಿಕೊಂಡೆ. ಹೆದರಿಕೆ ಇತ್ತು, ಆದರೆ ಎರಡು ದಿನದಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಗಿ ಆಡುತ್ತಿತ್ತು. ದಾರಿಯಲ್ಲಿ ನಿಲ್ಲಿಸಿ ಹೊಟ್ಟೆ ತುಂಬ ತಿಂದೆ. ಕೆಲಸ ಹೋದರೆ ನನ್ನದು ಹೋಗುತ್ತದೆ, ಹೋಗಲಿ ಎಂದು ಗಂಡನಿಗೆ ಫೋನಿನಲ್ಲೇ ಹೇಳಿದೆ. ಅವರು, ಮೊದಲು ಹುಷಾರಾಗಿ ಮನೆಗೆ ಬಾ ಎಂದರು.

ಒಂದು ವಾರ ಏನೂ ಬರಲಿಲ್ಲ. ಆಸ್ಟಿನ್‌ನವರು ಆ ವಾರದಲ್ಲೇ ಬೀಗ ತೆಗೆದು ಹೊಸ ನಿಯಮ ಬರೆದರು. ಯಂತ್ರ ಇನ್ನು ಮೇಲೆ ಕೇಳುತ್ತದೆ, ತಾನಾಗಿ ಹೊರಳುವುದಿಲ್ಲ. ನಾನು ಮೇಜಿನ ಸಾಮಾನನ್ನು ಒಂದು ಡಬ್ಬಿಗೆ ತುಂಬಿಟ್ಟೆ, ತೆಗೆದುಕೊಂಡು ಹೋಗಲು ಅನುಕೂಲವಾಗಲಿ ಎಂದು. ಎಂಟನೆಯ ದಿನ ವಾಹಿನಿಯ ಪತ್ರ ಬಂತು. ಮ್ಯಾನೇಜರ್ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿ ನನ್ನ ಕೈಗೆ ಕೊಟ್ಟರು.

ಮೊದಲ ಪ್ಯಾರಾದಲ್ಲಿ ನನ್ನ ಪ್ರಾಮಾಣಿಕತೆಗೆ ಮೆಚ್ಚುಗೆ. ಇಷ್ಟು ನೇರವಾಗಿ ಹೊಣೆ ಹೊತ್ತವರನ್ನು ತಾವು ಈ ಕಸುಬಿನಲ್ಲಿ ಕಂಡಿಲ್ಲ ಎಂದಿದ್ದರು. ಎರಡನೆಯದರಲ್ಲಿ ಗುತ್ತಿಗೆ ಮುಂದುವರಿಯುತ್ತದೆ, ನಾನೇ ಮುಖ್ಯಸ್ಥೆಯಾಗಿ ಇರಬೇಕು ಎಂದಿತ್ತು. ಕಣ್ಣು ತುಂಬಿಕೊಂಡಿತು. ಬದುಕಿದೆವು ಸರ್ ಎಂದೆ. ಅವರು ಮುಂದಕ್ಕೆ ಓದಿರಿ ಎಂದು ಕಿಟಕಿ ಇಲ್ಲದ ಗೋಡೆ ನೋಡಿದರು.

ಮೂರನೆಯ ಪ್ಯಾರಾದಲ್ಲಿ ನನ್ನದೇ ವಾಕ್ಯ ಇತ್ತು, ಉದ್ಧರಣ ಚಿಹ್ನೆಗಳ ನಡುವೆ. ಸೂಚನೆ ಸಮಯಕ್ಕೆ ಸರಿಯಾಗಿ, ಸ್ಪಷ್ಟವಾಗಿ ತಲುಪಿತ್ತು. ಭಾಷೆಯಿಂದ ಯಾವ ತೊಡಕೂ ಆಗಿರಲಿಲ್ಲ. ಇದನ್ನು ಪರಿಗಣಿಸಿ, ಸೂಚನೆಗಳನ್ನು ಇನ್ನು ಮುಂದೆ ಯಂತ್ರದ ಮೂಲಕ ಅನುವಾದಿಸಿ ನೇರವಾಗಿ ಎಂಜಿನಿಯರುಗಳಿಗೇ ಕಳಿಸಲಾಗುವುದು. ನಡುವಿನ ಹಂತ ಅನಗತ್ಯ. ಭಾಷಾ ಡೆಸ್ಕನ್ನು ತಿಂಗಳ ಕೊನೆಗೆ ಮುಚ್ಚಬೇಕು.

ನಾನು ಆ ಪ್ಯಾರಾವನ್ನು ಎಷ್ಟು ಸಲ ಓದಿದೆನೋ. ಅಕ್ಷರಗಳು ಬದಲಾಗಲಿಲ್ಲ. ಆಂಟಿಯನ್ನು ಉಳಿಸಲೆಂದು ಮೂರು ಸಲ ತಿದ್ದಿ ಬರೆದ ವಾಕ್ಯದಿಂದಲೇ ಅವರನ್ನು ತೆಗೆದಿದ್ದರು.

"ಅವರಿಗೆ ಮೊದಲಿನಿಂದನೂ ಡೆಸ್ಕ್ ಬ್ಯಾಡಾಗಿತ್ತ್ರಿ," ಎಂದರು ಮ್ಯಾನೇಜರ್. "ಒಂದು ನೆವ ಬೇಕಿತ್ತು. ನಾ ಬರದದ್ದು ಕಳಿಸಿದ್ರೂ ಸಿಗ್ತಿತ್ತು, ನೀವ್ ಬರದದ್ದು ಕಳಿಸಿದ್ರೂ ಸಿಕ್ತು."

ಸುಮ್ಮನೆ ಬಿಡಲಿಲ್ಲ ನಾನು. ವಾಹಿನಿಯವರಿಗೆ ಎರಡು ಪತ್ರ ಬರೆದೆ. ಸ್ಪಷ್ಟವಾಗಿ ತಲುಪಿದ್ದು ಆಂಟಿ ಇದ್ದದ್ದರಿಂದ, ಅವರಿಲ್ಲದಿದ್ದರೆ ಆ ಸ್ಪಷ್ಟತೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಎರಡು ಸಲವೂ ಬಂತು. ಆಸ್ಟಿನ್‌ನವರು ತಮ್ಮ ತಂಡದಲ್ಲಿ ಆಂಟಿಗೆ ಒಂದು ಜಾಗ ಹುಡುಕಿದರು. ಅದು ಆಸ್ಟಿನ್‌ನಲ್ಲೇ ಕೂತು ಮಾಡುವ ಕೆಲಸ, ಯಜಮಾನರ ಆಸ್ಪತ್ರೆ ಹ್ಯೂಸ್ಟನ್‌ನಲ್ಲಿ. ಆಂಟಿ ಆಗುವುದಿಲ್ಲ ಎಂದರು. ವಿಮೆಯನ್ನು ಇನ್ನು ಕೈಯಿಂದ ಕಟ್ಟಬೇಕು, ಅದಕ್ಕಾಗಿ ಪೇರ್ಲ್ಯಾಂಡ್‌ನ ಮನೆ ಮಾರಲು ಇಟ್ಟಿದ್ದಾರೆ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ನನ್ನೊಂದಿಗೆ ಅವರು ಆ ಮಾತನ್ನು ಆಡಲೇ ಇಲ್ಲ.

ಕೊನೆಯ ದಿನವೂ ಅವರು ಪೂರ್ತಿ ಶಿಫ್ಟ್ ಮಾಡಿದರು. ಹತ್ತು ಗಂಟೆಗೆ ಹಾಟ್‌ಲೈನ್ ಬಂತು. ನಾನೇ ಎತ್ತಿದೆ. ಎಲ್ಲ ಸರಿಯಾಗಿ ಹೋಯಿತು ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ನೀನು ಬರೆದದ್ದು ನಿಜ ತಾನೇ, ನಿಜ ಬರೆದದ್ದಕ್ಕೆ ಕ್ಷಮೆ ಕೇಳಬೇಡ ಎಂದರು. ಹಿಂದೆ ಯಾರೋ ಕೆಮ್ಮಿದರು, ಯಜಮಾನರು ಕರೆದುಕೊಂಡು ಹೋಗಲು ಬಂದಿರಬೇಕು. ಆಂಟಿ ಫೋನ್ ಇಟ್ಟರು.

ಮರುದಿನ ಐದೂವರೆಗೆ ಯಂತ್ರ ಅನುವಾದಿಸಿದ ಮೊದಲ ಸೂಚನೆ ನನ್ನ ಹೆಸರಿಗೇ ಬಂತು. ಮೀಟಿಂಗಿಗೆ ಹೋಗಲಿಲ್ಲ, ಹೆಸರು ಕೆಂಪಾಗಲಿ ಎಂದು ಬಿಟ್ಟೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಇಂದು ಸಂಜೆ ದೀಪಗಳನ್ನು ಗೌರವದಿಂದ ಇಳಿಸಲಾಗುವುದು, ಎಂದಿನ ಸಂತೋಷವನ್ನು ಸರಿಹೊಂದಿಸಿಕೊಳ್ಳಲಾಗುವುದು, ಹಿರಿಯರು ಮನೆಗೆ ಬರುವರು ಎಂದಿತ್ತು. ಎರಡನೆಯ ಸಲ ಓದಿದೆ. ಆಪರೇಟರ್‌ನಿಂದ ಓದಿಸಿದೆ. ಏಳು ಗಂಟೆಗೆ ಇನ್ನೂ ಒಂದು ಗಂಟೆ ಇತ್ತು. ಅದು ಹಬ್ಬವೋ ಸೂತಕವೋ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.